ಚಿಟಗುಪ್ಪ ರಸ್ತೆಯ ಡಕೋಟಾ

ಹಳೆಯ ಸಾಮಾನು ಕಂಡರೆ ಸಾಕು, ಬೆರಳ ಗೆಣ್ಣಿನಿಂದ ಟಕ್ ಟಕ್ ಅಂತ ಬಡಿದು ನೋಡುವ ಚಟ ದತ್ತಾತ್ರಿಗೆ. ಹಂಡೆ ಇರಲಿ, ಮೋಟಾರು ಇರಲಿ, ಗ್ರಾಮಫೋನಿನ ಪೆಟ್ಟಿಗೆ ಇರಲಿ, ಸದ್ದು ಕೇಳಿದ ಮೇಲೆಯೇ ಅವನ ಮಾತು ಶುರು. ಹಾಗಾಗಿ ೧೯೮೬ರ ಡಿಸೆಂಬರಿನ ಆ ಬೆಳಿಗ್ಗೆ, ಹುಮನಾಬಾದಿನಿಂದ ಚಿಟಗುಪ್ಪಕ್ಕೆ ಹೋಗುವ ರಸ್ತೆಯ ಪಕ್ಕ, ಕೆಂಪು ಮೊರಮು ಮಣ್ಣಿನ ಬಯಲಲ್ಲಿ ಮೂಗು ಮೇಲೆತ್ತಿ ಕೂತಿದ್ದ ಡಕೋಟಾ ವಿಮಾನವನ್ನು ಕಂಡಾಗಲೂ ಅವನು ಮೊದಲು ಮಾಡಿದ್ದು ಅದನ್ನೇ.

"ಏ! ಇನ್ನೊಂದು ಸಲ ಬಡದ್ರ ಈ ಪಾನಾ ನಿನ್ನ ತಲಿ ಮ್ಯಾಲ ಬೀಳ್ತದ ನೋಡು!"

ತಲೆಯೆತ್ತಿದ. ಇಂಜಿನ್ನಿನ ಪಕ್ಕದ ಏಣಿಯ ಮೇಲೆ ಒಬ್ಬ ಹುಡುಗಿ ನಿಂತಿದ್ದಳು. ತಲೆಗೆ ಟವೆಲು, ಸೀರೆಯ ಮೇಲೊಂದು ದೊಡ್ಡ ಗಂಡಸರ ಅಂಗಿ, ಗಲ್ಲದ ಮೇಲೆ ಗ್ರೀಸಿನ ಗೀಟು. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ನಿಜವಾಗಿಯೂ ಅವನ ತಲೆಯ ನೇರಕ್ಕೇ ಇತ್ತು.

"ಸೋಲಾಪುರದ ನಿಮ್ಮ ಸಾವಕಾರಗ ಹೋಗಿ ಹೇಳು. ಸಂಕ್ರಾಂತಿ ಆಗೂತನಕ ಇದನ್ನ ಯಾರೂ ಮುಟ್ಟಂಗಿಲ್ಲ."

"ಅಕ್ಕಾವ್ರ, ನಾ ಹಳೇ ಕಬ್ಬಿಣ ಒಯ್ಯೋ ಭಂಗಾರದಾಂವ ಅಲ್ಲರಿ," ಎಂದ ದತ್ತಾತ್ರಿ ಎರಡು ಹೆಜ್ಜೆ ಹಿಂದೆ ಸರಿದು. "ನಾ ಟಿ.ವಿ.ಯಾಂವ."

"ಟಿ.ವಿ. ರಿಪೇರಿಯಾಂವಗ ಇಲ್ಲೇನು ಕೆಲಸ? ನಮ್ಮಲ್ಲಿ ರೇಡಿಯೋನೂ ಇಲ್ಲ."

"ರಿಪೇರಿ ಅಲ್ಲರಿ. ಟಿ.ವಿ.ದಾಗ ಬರ್ತದಲ್ಲ, ಸೀರಿಯಲ್ಲು, ಅದರಾಂವ. ನಿಮ್ಮ ವಿಮಾನಾನ ಟಿ.ವಿ.ದಾಗ ತೋರಸ್ಬೇಕು ಅಂತ ಬಂದೀನಿ."

ಪಾನಾ ನಿಧಾನವಾಗಿ ಕೆಳಗಿಳಿಯಿತು. ಅವಳ ಹುಬ್ಬು ಮಾತ್ರ ಇಳಿಯಲಿಲ್ಲ. "ಕುಂತಿದ್ದು ತೋರಸ್ತೀರೋ, ಹಾರೋದು ತೋರಸ್ತೀರೋ?"

"ಹಾರೋದು."

ಅಷ್ಟೇ ಮಾತು. ಅವಳು ಏಣಿಯಿಂದ ಇಳಿದು ಬಂದಳು, ಕೈಯನ್ನು ಅಂಗಿಗೆ ಒರೆಸಿಕೊಂಡಳು, ನಕ್ಕಳು. ಹೈದರಾಬಾದಿನಿಂದ ಹುಮನಾಬಾದಿನವರೆಗೆ ಬಸ್ಸಿನಲ್ಲಿ ನಿಂತೇ ಬಂದ ದಣಿವು ದತ್ತಾತ್ರಿಗೆ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಅವನು ಬಸವಕಲ್ಯಾಣದವನು. ಹೈದರಾಬಾದಿನ ಒಂದು ಟಿ.ವಿ. ಕಂಪನಿಗೆ ಹಳೇ ಕಾಲದ ಸಾಮಾನು ಹುಡುಕಿ ಕೊಡುವುದು ಅವನ ಉದ್ಯೋಗ. ಟಾಂಗಾ ಬೇಕೇ, ನಿಜಾಮರ ಕಾಲದ ಕಂದೀಲು ಬೇಕೇ, ಕರಿ ಫೋರ್ಡ್ ಕಾರು ಬೇಕೇ, ಏನು ಕೇಳಿದರೂ "ಆಗ್ತದ್ರಿ" ಅನ್ನುವುದು, ಆಮೇಲೆ ಬೆವರು ಸುರಿಸಿ ಹುಡುಕುವುದು. ಇಲ್ಲ ಅನ್ನುವ ಮಾತು ಅವನ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಈ ಸಲ ಗುಲ್ಬರ್ಗಾದ ಕಡೆಯ ಡೈರೆಕ್ಟರ್ ಸಾಹೇಬರು ಕೇಳಿದ್ದು ವಿಮಾನ. ಸೀರಿಯಲ್ಲಿನ ಕಥೆ ೧೯೫೦ರದು. ನಾಯಕ ದಿಲ್ಲಿಗೆ ಹೊರಡುತ್ತಾನೆ, ನಾಯಕಿ ಬೇಲಿ ಹಿಡಿದು ನಿಂತಿರುತ್ತಾಳೆ, ಅವಳ ಕಣ್ಣೆದುರಿಗೇ ವಿಮಾನ ನೆಲ ಬಿಟ್ಟು ಏಳಬೇಕು. ರಟ್ಟಿನದು ನಡೆಯುವುದಿಲ್ಲ. ದತ್ತಾತ್ರಿ ಎಂದಿನಂತೆ "ಆಗ್ತದ್ರಿ" ಅಂದುಬಿಟ್ಟ.

ಅಂದ ಮೇಲೆ ಎರಡು ತಿಂಗಳು ಅಲೆದ. ನಾಗಪುರದಲ್ಲಿ ಒಂದು ಸಿಕ್ಕಿತು, ಇಂಜಿನ್ನಿರಲಿಲ್ಲ. ಮುಂಬಯಿಯಲ್ಲೊಂದು ಸಿಕ್ಕಿತು, ಇಂಜಿನ್ನಿತ್ತು, ರೆಕ್ಕೆಯೊಳಗೆ ಪಾರಿವಾಳ ಮರಿ ಮಾಡಿತ್ತು. ಕೊನೆಗೆ ಹಿಂದೊಮ್ಮೆ ಕರಿ ಫೋರ್ಡ್ ಕೊಟ್ಟಿದ್ದ ಮಾಲೀಕ ಹೇಳಿದ, "ನಮ್ಮ ಚಿಟಗುಪ್ಪ ರಸ್ತಾದಾಗೇ ಒಂದು ಅದಲ್ಲೋ!" ತೊಗರಿಗೆ ಔಷಧ ಸಿಂಪಡಿಸುತ್ತಿದ್ದ ಒಂದು ಕಂಪನಿ ಮುಚ್ಚಿದಾಗ, ಹುಮನಾಬಾದಿನ ದಾಲ್ ಮಿಲ್ಲಿನ ಮಹಾರುದ್ರಪ್ಪನವರು ಹುಮ್ಮಸ್ಸಿನಲ್ಲಿ ಹರಾಜು ಹಿಡಿದಿದ್ದ ವಿಮಾನ ಅದು. ಈಗ ಅವರಿಗೂ ಬೇಸರ ಬಂದಿತ್ತು. ಸಂಕ್ರಾಂತಿಯೊಳಗೆ ಹಾರಿ ಯಾರಿಗಾದರೂ ಉಪಯೋಗಕ್ಕೆ ಬಂದರೆ ಸರಿ, ಇಲ್ಲದಿದ್ದರೆ ಸೋಲಾಪುರದವರು ಬಂದು ತುಂಡು ತುಂಡಾಗಿ ಕತ್ತರಿಸಿ ಲಾರಿಗೆ ಹೇರಿಕೊಂಡು ಹೋಗುವುದು ಅಂತ ಮಾತಾಗಿತ್ತು.

ಹುಡುಗಿಯ ಹೆಸರು ದ್ರೌಪತಿ. ಅವಳ ಅಪ್ಪ ಲಾಲಪ್ಪ ಹೈದರಾಬಾದಿನ ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ವಿಮಾನ ಒರೆಸುವ ಕೆಲಸಕ್ಕೆ ಸೇರಿ, ಹೆಡ್ ಮೆಕ್ಯಾನಿಕ್ ಆಗಿ ಹೊರಬಂದವರು. ಮಗಳನ್ನು ಹಟ ಹಿಡಿದು ಓದಿಸಿ ವಿಮಾನದ ಇಂಜಿನಿಯರ್ ಲೈಸೆನ್ಸ್ ಕೊಡಿಸಿದ್ದರು. ಈಗ ವಿಮಾನ ಹಾರಲು ಯೋಗ್ಯ ಅಂತ ಕಾಗದಕ್ಕೆ ಬೀಳಬೇಕಾದ ಸಹಿ ಅವಳದೇ.

"ಯಾರ ಮಗ ನೀ?" ಎಂದು ಶೆಡ್ಡಿನ ಒಳಗಿಂದ ಕೇಳಿದರು ಲಾಲಪ್ಪ. ಕಣ್ಣಿಗೆ ಪೊರೆ ಬಂದು ಮುಂದಿರುವವರ ಮುಖ ಬರೀ ಮಬ್ಬಾಗಿ ಕಾಣುತ್ತಿತ್ತು.

"ಕಲ್ಯಾಣದ ಅಂಬಾದಾಸ ಮಾಸ್ತರ ಮಗರಿ, ಕಾಕಾ. ಜೈ ಭೀಮ್."

"ಜೈ ಭೀಮ್, ಜೈ ಭೀಮ್! ಅಂಬಾದಾಸನ ಮಗನೇನು? ಹಂಗಾದ್ರ ನಿನ್ನ ಮಾತು ನಂಬಬಹುದು."

"ಮಾತು ಆಮ್ಯಾಲ ನಂಬೂಣು, ಅಪ್ಪಾ," ಎಂದಳು ದ್ರೌಪತಿ. "ಮದಲ ಕೆಲಸ ಮಾಡ್ತಾರೋ ನೋಡೂಣು."

ಮಾಡಿಸಿದಳು. ಸಾಮಾನು ಹುಡುಕಿ ಕೊಟ್ಟು ಹೋಗುವವನನ್ನು ಹದಿನೈದು ದಿನ ಅಲ್ಲೇ ಹಿಡಿದಿಟ್ಟಳು. ಹೈದರಾಬಾದಿನಿಂದ ಬಿಡಿಭಾಗ ತರಿಸಿದ, ಪರವಾನಗಿಗಾಗಿ ಬೀದರಿನ ಕಚೇರಿ ಬಾಗಿಲು ಕಾದ, ಟಯರಿಗೆ ಗಾಳಿ ಹೊಡೆದ. ದಿನಾ ಬೆಳಿಗ್ಗೆ ಇಂಜಿನ್ ಶುರು ಮಾಡುವ ಮುಂಚೆ ಪಂಖವನ್ನು ಕೈಯಿಂದ ತಿರುಗಿಸುವುದು ಇಬ್ಬರ ಕೆಲಸ. ರಾತ್ರಿಯೆಲ್ಲ ಕೆಳಗಿನ ಸಿಲಿಂಡರುಗಳಿಗೆ ಎಣ್ಣೆ ಇಳಿದಿರುತ್ತದೆ, ಅದನ್ನು ಹೊರಹಾಕದೆ ಶುರು ಮಾಡಿದರೆ ಇಂಜಿನ್ನು ಒಡೆಯುತ್ತದೆ. ಒಬ್ಬರು ಒಂದು ಅಲಗು ಎಳೆದು ಸರಿದರೆ ಇನ್ನೊಬ್ಬರು ಮುಂದಿನದು ಹಿಡಿಯಬೇಕು, ಹದಿನೈದು ಅಲಗು ಎಣಿಸಬೇಕು.

ಎಣಿಕೆ ಏಳಕ್ಕೋ ಎಂಟಕ್ಕೋ ಬರುವ ಹೊತ್ತಿಗೆ ದತ್ತಾತ್ರಿಗೆ ಲೆಕ್ಕ ತಪ್ಪುತ್ತಿತ್ತು. ಅವಳು ಅಲಗು ಎಳೆದು ಅವನ ಮುಂದಿನಿಂದಲೇ ಹಾದುಹೋಗುವಳು, ಕೈಬಳೆ ಮೇಲಕ್ಕೇರಿರುವುದು, ಚಳಿಗೆ ಮೂಗಿನ ತುದಿ ಕೆಂಪಾಗಿರುವುದು.

"ಎಷ್ಟಾಯ್ತು?"

"ಒಂಬತ್ತೇನೋ..."

"ಏನೋ ಅಂದ್ರ? ಮತ್ತ ಒಂದರಿಂದ ನಡೀರಿ."

"ನೀವೂ ಎಣಸ್ತೀರಲ್ಲ, ಗೊತ್ತಿದ್ರೂ ಹೇಳಂಗಿಲ್ಲ."

"ನನಗ ಗೊತ್ತದ," ಅನ್ನುವಳು ಅಲಗಿನ ಹಿಂದಿನಿಂದ ಇಣುಕಿ. "ನಿಮ್ಮ ಲಕ್ಷ್ಯ ಎಲ್ಲದ ಅಂಬೋದೂ ಗೊತ್ತದ." ಹೇಳಿ ಮುಖ ಆ ಕಡೆ ತಿರುಗಿಸುವಳು. ತಿರುಗಿಸಿದ ಕೆನ್ನೆಯಲ್ಲೂ ನಗು ಇರುತ್ತಿತ್ತು. ಹದಿನೈದರ ಬದಲು ಮೂವತ್ತು ಅಲಗು ಎಳೆದ ದಿನ ದತ್ತಾತ್ರಿಗೆ ರಟ್ಟೆ ನೋಯುತ್ತಿತ್ತು, ಮನಸ್ಸು ಮಾತ್ರ ಹಗುರ.

ಇಂಜಿನ್ ಕೆಲಸ ಮಗಳದಾದರೆ ವಿಮಾನದ ಮೈ ನೋಡುವ ಕೆಲಸ ಅಪ್ಪನದು. ಕಣ್ಣು ಮಬ್ಬಾದ ಮೇಲೆ ಲಾಲಪ್ಪ ಅಂಗೈಯಿಂದ ಸವರಿಯೇ ನೋಡುವರು. ದತ್ತಾತ್ರಿ ಅವರ ಇನ್ನೊಂದು ಕೈ ಹಿಡಿದು ಮೂಗಿನಿಂದ ಬಾಲದವರೆಗೆ ನಡೆಸುವನು. ಒಂದು ದಿನ ಪಕ್ಕೆಯ ಹತ್ತಿರ ಅವನ ಬೆರಳನ್ನು ತೆಗೆದುಕೊಂಡು ಸಣ್ಣ ಸಣ್ಣ ತೂತುಗಳ ಮೇಲೆ ಇಟ್ಟರು. "ಸೂಜಿ ಮೊನಿಯಷ್ಟೇ ಅವ, ಹೌದಿಲ್ಲ? ಹೊರಗಿನ ಗಾಳಿ ಒತ್ತಡ ಇವುಗಳಿಂದ ಒಳಗ ಹೋಗ್ತದ. ಎಷ್ಟು ಎತ್ತರ, ಎಷ್ಟು ಸ್ಪೀಡು, ಎಲ್ಲಾ ಇದರ ಮ್ಯಾಲೇ ಗೊತ್ತಾಗೋದು. ಇವು ಮುಚ್ಚಿದ್ರ ಪೈಲಟ್ ಕುರುಡ."

ಜನವರಿ ಮೊದಲ ವಾರ ಇಂಜಿನ್ನುಗಳೆರಡೂ ಗುಡುಗಿದವು. ಡೈರೆಕ್ಟರು ಹನ್ನೊಂದನೇ ತಾರೀಖಿಗೆ ವಿಮಾನ ಹೈದರಾಬಾದಿಗೆ ಬರಲಿ ಅಂದರು. ಇನ್ನು ಉಳಿದದ್ದು ಬಣ್ಣ. ಲಾಲಪ್ಪನ ಕಣ್ಣು ತೋರಿಸಲು ಗುಲ್ಬರ್ಗಾಕ್ಕೆ ಹೊರಟ ದ್ರೌಪತಿ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಸಲ ಹೇಳಿದಳು, "ನಾ ಬರೂತನಕ ಬಣ್ಣ ಹಚ್ಚಸಬ್ಯಾಡ್ರಿ. ಬಣ್ಣ ಬೀಳಬಾರದ ಜಾಗಾಕ್ಕ ನಾನೇ ಕಾಗದ ಹಚ್ಚಿ ಕೊಡ್ತೀನಿ."

"ಆಗ್ತದ್ರಿ," ಎಂದ ದತ್ತಾತ್ರಿ.

ಬಸ್ಸು ಹೋದ ಮೇಲೆ ಅವನಿಗೊಂದು ಹುಚ್ಚು ಹೊಳೆಯಿತು. ಅವಳು ಬಂದು ನೋಡುವಾಗ ವಿಮಾನ ಮದುಮಗಳಂತೆ ನಿಂತಿರಬೇಕು, ಅವಳು ಬಾಯಿ ತೆರೆದು ನೋಡಬೇಕು, ಆ ಮುಖವನ್ನು ತಾನು ನೋಡಬೇಕು. ಹೈವೇ ಮೇಲಿನ ಲಾರಿ ಪೇಂಟರ್ ಏಕನಾಥನನ್ನು ಕರೆತಂದ. ಏಕನಾಥ ಅಂದರೆ ಪುಣೆ, ಹೈದರಾಬಾದ್ ನಡುವೆ ಓಡುವ ಲಾರಿಗಳೆಲ್ಲ ಹುಮನಾಬಾದಿನಲ್ಲಿ ನಿಂತು ಬಣ್ಣ ಹಚ್ಚಿಸಿಕೊಂಡು ಹೋಗುವಷ್ಟು ಹೆಸರಾದವನು. "ಮೈ ಮ್ಯಾಲ ಒಂದು ತೂತು, ಒಂದು ಗೀರು ಕಾಣಬಾರ್ದು ನೋಡು," ಅಂತ ದತ್ತಾತ್ರಿಯೇ ಹೇಳಿದ. ಏಕನಾಥ ಎರಡು ದಿನ ಊಟ ನಿದ್ದೆ ಬಿಟ್ಟು ಪುಟ್ಟಿ ಮೆತ್ತಿದ, ಉಜ್ಜಿದ, ಬೆಳ್ಳಿ ಬಣ್ಣ ಬಳಿದ, ನೀಲಿ ಪಟ್ಟಿ ಎಳೆದ. ಕೈ ಸುಮ್ಮನಿರದೆ ಬಾಲದ ಮೇಲೆ 'ಹಾರ್ನ್ ಓಕೆ ಪ್ಲೀಸ್' ಅಂತಲೂ ಬರೆದಿದ್ದ. ದತ್ತಾತ್ರಿ ನೋಡಿ ಅಳಿಸಿದ.

ಹನ್ನೊಂದರ ಬೆಳಿಗ್ಗೆ ಎಂಟಕ್ಕೇ ವಿಮಾನ ಹಾರಿಸಬೇಕಾದ ಹೈದರಾಬಾದಿನ ನಿವೃತ್ತ ಕ್ಯಾಪ್ಟನ್ ಸಾಹೇಬರು ಟೋಪಿ ಹಾಕಿಕೊಂಡು ಬಂದು ಕೂತಿದ್ದರು. ಮಹಾರುದ್ರಪ್ಪನವರು ತಲೆಗೆ ಜರಿ ಪಟಗ ಸುತ್ತಿಕೊಂಡು ಬಂದಿದ್ದರು. ಅಪ್ಪನನ್ನು ಪರೀಕ್ಷೆಗಾಗಿ ಗುಲ್ಬರ್ಗಾದ ಸೋದರತ್ತೆಯ ಮನೆಯಲ್ಲೇ ಬಿಟ್ಟು, ಮೊದಲ ಬಸ್ಸಿಗೆ ಹೊರಟ ದ್ರೌಪತಿ ಹತ್ತಕ್ಕೆ ಬಂದಿಳಿದಳು. ಎರಡು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದ ಕಣ್ಣು. ವಿಮಾನ ಕಂಡದ್ದೇ ಆ ಕಣ್ಣುಗಳು ಅರಳಿದವು.

"ನನ್ನ ಬಿಟ್ಟು ಹಚ್ಚಸೀರಿ..."

"ಸಿಟ್ಟಾದ್ರೇನು?"

"ಆಗಬೇಕಿತ್ತು," ಎಂದಳು. ಆಗಲಿಲ್ಲ. ಬೆಳ್ಳಿ ಬಣ್ಣದ ಮೇಲೆ ಬಿಸಿಲು ಬಿದ್ದು ಅವಳ ಮುಖವೆಲ್ಲ ಹೊಳೆಯುತ್ತಿತ್ತು. ಕ್ಯಾಪ್ಟನ್ನರು ಗಡಿಯಾರ ನೋಡುತ್ತಿದ್ದರು. ದ್ರೌಪತಿ ಅವಸರದಲ್ಲೇ ಇಂಜಿನ್ನು, ತಂತಿ, ಎಣ್ಣೆ ಎಲ್ಲ ನೋಡಿದಳು, ಕಾಗದಕ್ಕೆ ಸಹಿ ಹಾಕಿದಳು. ದತ್ತಾತ್ರಿ ಬಯಸಿದ ಮುಖ ಅವನಿಗೆ ಸಿಕ್ಕಿತ್ತು. ಅವನು ಖುಷಿಯಲ್ಲಿ, ಲಾಲಪ್ಪ ಇಲ್ಲದಿದ್ದರೂ ರೂಢಿಯ ಪ್ರಕಾರ ಒಬ್ಬನೇ ವಿಮಾನದ ಮೈ ಸವರುತ್ತ ನಡೆದ. ನುಣ್ಣಗಿತ್ತು. ಏಕನಾಥನ ಕೈ ಅಂದರೆ ಕೈ ಅಂದುಕೊಂಡ. ಪಕ್ಕೆಯ ಹತ್ತಿರ ಬಂದಾಗಲೂ ನುಣ್ಣಗೇ ಇತ್ತು.

ಅವನ ಬೆರಳು ಅಲ್ಲೇ ನಿಂತಿತು.

"ದ್ರೌಪತಿಯವ್ರ," ಎಂದ. ಇನ್ನೊಮ್ಮೆ ಕೂಗಿದ. "ಇಲ್ಲಿ ತೂತು ಇದ್ವಲ್ಲರಿ? ಈಗಿಲ್ಲ. ಪುಟ್ಟಿ ಮೆತ್ತಿ ಮುಚ್ಚೇವಿ. ಮುಚ್ಚಂತ ನಾನೇ ಹೇಳೀನಿ."

ಅವಳು ಓಡಿ ಬಂದು ಬೆರಳಾಡಿಸಿದಳು. ಆ ಕಡೆಯ ಪಕ್ಕೆಯನ್ನೂ ನೋಡಿ ಬಂದಳು. ಮುಖದ ಬಣ್ಣವೇ ಇಳಿದಿತ್ತು. ಸಹಿ ಮಾಡಿದ ಕಾಗದ ಇಸಿದುಕೊಂಡು ಅಡ್ಡ ಗೀಟು ಎಳೆದಳು. ಕ್ಯಾಪ್ಟನ್ ಸಾಹೇಬರು ಟೋಪಿ ತೆಗೆದು ಹಣೆ ಒರೆಸಿಕೊಂಡರು.

"ಸೂಜಿಲಿಂದ ಚುಚ್ಚಿ ತೆಗದ್ರ ಆಗಂಗಿಲ್ಲೇನು?" ಎಂದರು ಮಹಾರುದ್ರಪ್ಪನವರು.

"ಇಲ್ಲರಿ ಸಾವಕಾರ. ಉಜ್ಜಿದ ಪುಡಿ ಒಳಗಿನ ನಳಿಗಿ ಸೇರೇದ. ಎಲ್ಲಾ ಬಿಚ್ಚಿ, ಊದಿ, ಪರೀಕ್ಷಾ ಮಾಡಬೇಕು. ಮೂರು ದಿನ." ಆಮೇಲೆ ದತ್ತಾತ್ರಿಯ ಕಡೆ ತಿರುಗಿದಳು. "ಹಚ್ಚಸಬ್ಯಾಡ್ರಿ ಅಂದಿದ್ದೆ. ನೀವು ಆಗ್ತದ್ರಿ ಅಂದಿದ್ರಿ. ಇದರಾಗ ನಾನೂ ಕುಂದ್ರಾಕಿ ಇದ್ದೆ. ನಾ ಸಹಿ ಮಾಡಿದ ವಿಮಾನದ ಮದಲ ಹಾರಾಟಕ್ಕ ನಾನೇ ಕುಂದ್ರಬೇಕು, ಅದು ಅಪ್ಪನ ಕಾನೂನು."

ಇಂಥ ಹುಡುಗಿಯನ್ನು, ಒಂದು ನಗುವಿನ ಆಸೆಗೆ, ನಾನೇ ಆಕಾಶದಿಂದ ಕೆಡವುವವನಿದ್ದೆ ಅನ್ನಿಸಿ ದತ್ತಾತ್ರಿಗೆ ಕಣ್ಣು ತುಂಬಿ ಬಂತು. ಸೈಕಲ್ ಹತ್ತಿ ಹುಮನಾಬಾದಿನ ಪೋಸ್ಟಾಫೀಸಿಗೆ ಹೊರಟ.

ಟ್ರಂಕ್ ಕಾಲ್ ಅಂದರೆ ಗೊತ್ತಲ್ಲ, ಹೈದರಾಬಾದಿಗೆ ಫೋನಿಲ್ಲದೆಯೇ ಕೇಳಿಸುವಂತೆ ಕೂಗಬೇಕು. ಪೋಸ್ಟಾಫೀಸಿನಲ್ಲಿ ಹತ್ತಿಪ್ಪತ್ತು ಜನ ಸಾಲಿನಲ್ಲಿದ್ದರು. ದ್ರೌಪತಿಯ ಓಣಿಯ ಕಸ್ತೂರಿಬಾಯಿ ಕಾರ್ಡು ಕೊಳ್ಳಲು ಬಂದು ನಿಂತಿದ್ದಳು.

"ಸಾಹೇಬರ, ಇವತ್ತು ವಿಮಾನ ಬರಂಗಿಲ್ಲ!"

ಆ ಕಡೆಯಿಂದ ಡೈರೆಕ್ಟರು ಸಿಡಿದರು. ಕಲಾವಿದರು ಬಣ್ಣ ಹಚ್ಚಿಕೊಂಡು ಕೂತಿದ್ದಾರೆ, ಆ ಹುಡುಗಿ ಸಹಿ ಮಾಡದಿದ್ದರೆ ಏನಂತೆ, ಇಲ್ಲಿಂದ ಇನ್ನೊಬ್ಬ ಇಂಜಿನಿಯರನ್ನು ಕಳಿಸುತ್ತೇನೆ, ಕಣ್ಣು ಮುಚ್ಚಿ ಸಹಿ ಮಾಡುತ್ತಾನೆ, ಆಗ್ತದೋ ಇಲ್ಲೋ ಹೇಳು ಅಂದರು.

"ಆಗಂಗಿಲ್ಲರಿ!" ದತ್ತಾತ್ರಿ ಕೂಗಿದ. ಜೀವನದಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಂದ ಹೊರಟಿತ್ತು, ಹಾಗಾಗಿ ಬೇಕಾದ್ದಕ್ಕಿಂತ ದೊಡ್ಡದಾಗಿಯೇ ಹೊರಟಿತು. "ಅಕಿ ಹಾರ್ತದ ಅಂದ್ರ ಹಾರ್ತದ, ಇಲ್ಲ ಅಂದ್ರ ಇಲ್ಲ! ತಪ್ಪು ನಂದು, ಅಕಿದಲ್ಲ! ಏನಂದ್ರಿ? ಅಕಿ ನನಗೇನಾಗಬೇಕು ಅಂತನಾ? ಏನೂ ಆಗಂಗಿಲ್ಲರಿ! ಆಗಬೇಕಂತ ಆಸೆ ಅದ! ಅಕಿ ಹೂಂ ಅಂದ್ರ ಲಗ್ನ ಆಗಾಂವ ನಾ! ಈಗ ಎಲ್ಲಿ ಅಂತಾಳ, ಮಾರಿ ಸುದ್ದಾ ನೋಡಂಗಿಲ್ಲ!"

ಠಸ್ಸೆ ಹೊಡೆಯುತ್ತಿದ್ದ ಕೈ ಮೇಲೆಯೇ ನಿಂತಿತು. ಕಸ್ತೂರಿಬಾಯಿ ಕಾರ್ಡನ್ನೂ ಕೊಳ್ಳದೆ ಹೊರಗೆ ಓಡಿದಳು.

ಆ ಗಳಿಗೆಯಲ್ಲೇ ದತ್ತಾತ್ರಿಗೆ ಬುದ್ಧಿ ಓಡಿತು. "ಸಾಹೇಬರ, ನಿಮ್ಮ ಹೈದರಾಬಾದಿನ ಏರೋಡ್ರೋಮು ಈಗ ಐವತ್ತರ ಇಸವಿಯಂಗ ಕಾಣ್ತದೇನು? ಸುತ್ತ ಬಿಲ್ಡಿಂಗು, ಲೈಟು! ಇಲ್ಲಿ ತಗಡಿನ ಶೆಡ್ಡದ, ಕೆಂಪು ನೆಲ ಅದ, ಬೇಲಿ ಅದ. ನೀವೇ ಇಲ್ಲಿಗಿ ಬರ್ರಿ. ನೀವು ಸಾಮಾನು ಕಟ್ಟಿ ಬರೂದರಾಗ ಮೂರು ದಿನ ಆಗ್ತಾವ."

ತಂತಿಯ ಗೊರಗೊರದ ನಡುವೆ ಡೈರೆಕ್ಟರು, "ಬೇಲಿ ಕಟ್ಟಗೀದೋ, ಕಲ್ಲಿಂದೋ?" ಎಂದು ಕೇಳಿದರು. ಬದುಕಿದೆ ಅಂದುಕೊಂಡ ದತ್ತಾತ್ರಿ.

ಅವನು ಹೊರಳಿ ಬರುವ ಹೊತ್ತಿಗೆ ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ಮಹಾರುದ್ರಪ್ಪನವರು ಮೀಸೆಯಲ್ಲೇ ನಗುತ್ತಿದ್ದರು. ಸಂಕ್ರಾಂತಿಯ ಗಡುವು ದಾಟಲು ಸಾವಕಾರರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಸೀರಿಯಲ್ಲಿನಲ್ಲಿ ಅವರೂ ಕೋಟು ಹಾಕಿಕೊಂಡು ಪ್ರಯಾಣಿಕರ ಸಾಲಿನಲ್ಲಿ ಒಂದು ಸಲ ನಡೆದು ಹೋಗಲಿ ಅಂತ ದತ್ತಾತ್ರಿ ಅಂದದ್ದೇ ತಡ, ಸೋಲಾಪುರದವರಿಗೆ ಬರಬೇಡಿ ಅಂತ ಹೇಳಿ ಕಳಿಸಿದರು.

ದ್ರೌಪತಿ ಮಾತ್ರ ವಿಮಾನದ ಹೊಟ್ಟೆಯೊಳಗೆ ಮಲಗಿ ನಳಿಗೆ ಬಿಚ್ಚುತ್ತಿದ್ದಳು. "ಆ ಸಣ್ಣ ಪಾನಾ ಕೊಡ್ರಿ," ಅನ್ನುವಳು, ಕೊಡುವನು. "ದೀಪಾ ಮ್ಯಾಲ ಹಿಡೀರಿ," ಅನ್ನುವಳು, ಹಿಡಿಯುವನು. ಮೂರು ದಿನ ಹೀಗೇ. ಲಗ್ನದ ಮಾತನ್ನು ಊರೆಲ್ಲ ಆಡಿತು, ಅವಳೊಬ್ಬಳನ್ನು ಬಿಟ್ಟು. ಒಮ್ಮೆ ಮಾತ್ರ, ಅವನು ಮಾರು ದೂರ ನಿಂತು ದೀಪ ಹಿಡಿದದ್ದನ್ನು ಕಂಡು ಕೇಳಿದಳು, "ಅಷ್ಟು ದೂರ ಯಾಕ ನಿಂತೀರಿ?"

"ಹೆದರಿಕೀರಿ."

"ಯಾತರದು?"

"ನಿಮ್ದು."

ಅವಳು ಮುಖವನ್ನು ನಳಿಗೆಯ ಹಿಂದೆ ಸರಿಸಿದಳು. ಊದುತ್ತಿದ್ದಳೋ ನಗುತ್ತಿದ್ದಳೋ, ಅವನಿಗೆ ಕಾಣಲಿಲ್ಲ.

ಹದಿನೈದನೇ ತಾರೀಖು ಎಲ್ಲರೂ ಬಂದರು. ಲಾಲಪ್ಪನೂ ಗುಲ್ಬರ್ಗಾದಿಂದ ಬಂದು, ವಿಮಾನದ ಮೈಯನ್ನು ಮೂಗಿನಿಂದ ಬಾಲದವರೆಗೆ ಸವರಿ, ತಲೆಯಾಡಿಸಿದರು. ದ್ರೌಪತಿ ಹೊಸ ಕಾಗದಕ್ಕೆ ಸಹಿ ಹಾಕಿದಳು. ಪೆನ್ನು ಮುಚ್ಚುತ್ತ ದತ್ತಾತ್ರಿಯ ಕಡೆ ನೋಡದೆಯೇ, "ತಪ್ಪು ಮಾಡಿದವರೂ ಕುಂದ್ರಬೇಕು ಒಳಗ," ಎಂದಳು. ಮಾಳಿಗೆಯ ಏಣಿ ಹತ್ತಲೂ ಹಿಂಜರಿಯುವ ದತ್ತಾತ್ರಿ, ಆಗಲೇ ಹತ್ತಿ ಕೂತಿದ್ದ ಅಪ್ಪಮಗಳ ಹಿಂದಿನ ಸೀಟಿನಲ್ಲಿ ಕೂತು ಪಟ್ಟಿ ಬಿಗಿದುಕೊಂಡ.

ಇಂಜಿನ್ನು ಗುಡುಗಿತು. ಕೆಂಪು ಧೂಳೆದ್ದಿತು. ಬೇಲಿ ಹಿಡಿದು ನಿಂತ ನಾಯಕಿ ಸೆರಗು ಹಿಡಿದುಕೊಂಡಳು, ಕ್ಯಾಮೆರಾ ತಿರುಗಿತು, ನೆಲ ಕೈಬಿಟ್ಟಿತು. ದತ್ತಾತ್ರಿ ಕಣ್ಣು ಮುಚ್ಚಿದ. ಎಷ್ಟೋ ಹೊತ್ತಿನ ಮೇಲೆ ಒಂದು ಕೈ ಅವನ ಭುಜ ಅಲುಗಿಸಿತು.

"ಕಣ್ಣು ತೆರೀರಿ! ಕಲ್ಯಾಣ ಬಂತು!"

ಕಿಟಕಿಯ ಕೆಳಗೆ ಕೋಟೆ, ತ್ರಿಪುರಾಂತ ಕೆರೆ, ಓಣಿ ಓಣಿ ಮಾಳಿಗೆಗಳು. "ಇಲ್ಲಿಗ್ಯಾಕ ಬಂದೀವಿ?" ಅವನು ಸದ್ದಿನ ಮೇಲೆ ಕಿರುಚಿದ. "ಕ್ಯಾಮೆರಾ ಅಲ್ಲೇ ಹುಮನಾಬಾದದಾಗ ಉಳೀತಲ್ಲ!"

"ಕ್ಯಾಪ್ಟನ್ ಸಾಹೇಬರಿಗಿ ನಾನೇ ಹೇಳೀನಿ!" ದ್ರೌಪತಿಯೂ ಕಿರುಚಿದಳು. "ಹೆಣ್ಣಿನ ಕಡಿಯಾರು ಗಂಡಿನ ಮನಿ ನೋಡಾಕ ಬರಬೇಕಲ್ಲ! ಅಪ್ಪಗ ಬಸ್ಸಿನ್ಯಾಗ ಕುಂತ್ರ ನಡಾ ನೋಯ್ತದ! ಯಾವ್ದು ನಿಮ್ಮನಿ?"

ಅವನು ಬೆರಳು ತೋರಿಸಿದ. ಬೆರಳಿನ ಪಕ್ಕಕ್ಕೇ ಅವಳ ಕೆನ್ನೆ ಬಂತು.

ಲಾಲಪ್ಪ ಕಿವಿಗೆ ಕೈ ಹಿಡಿದು ಕೂಗಿದರು, "ಮನಿ ಹ್ಯಾಂಗದ, ಮಗಳ?"

"ಮಾಳಿಗಿ ಮನಿ, ಅಪ್ಪಾ! ಹಿತ್ತಲದಾಗ ಬೇವಿನ ಗಿಡ ಅದ! ಮಾಳಿಗಿ ಮ್ಯಾಲ ಹಸರು ಸೀರಿಯಾಕಿ ಒಬ್ಬಾಕಿ ನಿಂತು ಕೈ ಬೀಸಾಕತ್ತಾಳ! ನಮ್ಮನ್ನ ಕರ್ಯಾಕತ್ತಾಳ!"

ಹೌದು ಅಂದುಬಿಟ್ಟರೆ ಎಷ್ಟು ಚೆಂದವಿತ್ತು. ಹೌದು ಅನ್ನುವುದು ದತ್ತಾತ್ರಿಗೆ ಎಷ್ಟು ಸುಲಭವೂ ಆಗಿತ್ತು.

"ಇಲ್ಲರಿ!" ಎಂದು ಕೂಗಿದ. "ಅಕಿ ನಮ್ಮವ್ವ ಕಮಳಾಬಾಯಿ! ಸಂಡಿಗಿಗಿ ಬಂದ ಕಾಗಿ ಓಡಸಾಕತ್ತಾಳ! ನಿಮ್ಮ ಸುದ್ದಿ ಅಕಿಗಿ ನಾ ಇನ್ನೂ ಹೇಳೇ ಇಲ್ಲ!"

ದ್ರೌಪತಿ ಅವನ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು; ಇಂಜಿನ್ನಿನ ಸದ್ದಿನಲ್ಲೂ ಅವನಿಗೆ ಆ ನಗು ಕೇಳಿಸಿತು. "ಅಪ್ಪಾ, ಹುಡುಗ ಖರೇ ಮಾತಾಡ್ತಾನ!"

"ಹಂಗಾದ್ರ ಇನ್ನೊಂದು ಸುತ್ತು ಹೊಡ್ಯಾಕ ಹೇಳು! ಅಕಿನೂ ಮಾರಿ ಎತ್ತಿ ನೋಡ್ಲಿ!"

ಡಕೋಟಾ ಕೋಟೆಯನ್ನು ಬಳಸಿ, ತಗ್ಗಿ, ಮತ್ತೆ ಅದೇ ಓಣಿಯ ಮೇಲೆ ಬಂತು. ಕಾಗೆಗಳು ಎಂದೋ ಹಾರಿಹೋಗಿದ್ದವು. ಕಮಳಾಬಾಯಿ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದಳು. ಯಾರು, ಎಲ್ಲಿಯವರು, ಯಾತಕ್ಕೆ ಬಂದವರು ಒಂದೂ ಗೊತ್ತಿಲ್ಲದಿದ್ದರೂ, ಇಷ್ಟು ಹತ್ತಿರ ಬಂದವರಿಗೆ ಸುಮ್ಮನೆ ನಿಲ್ಲುವುದು ಹ್ಯಾಗೆ ಅಂತಲೋ ಏನೋ, ಸೆರಗಿನ ತುದಿ ಎತ್ತಿ ಬೀಸಿದಳು.

ದ್ರೌಪತಿ ಒಂದು ಕೈಯಲ್ಲಿ ದತ್ತಾತ್ರಿಯ ತೋಳನ್ನು ಗಟ್ಟಿಯಾಗಿ ಹಿಡಿದು, ಕಿಟಕಿಗೆ ಹಣೆ ಹಚ್ಚಿ, ಇನ್ನೊಂದು ಕೈಯನ್ನು ಬೀಸಿದಳು.

"ಅಪ್ಪಾ," ಎಂದು ಕೂಗಿದಳು, "ಅತ್ತಿ ಕೈ ಬೀಸಿದ್ರು!"